ಸವಳು-ಜವಳಿನಲ್ಲಿ ದೋಣಿ

ಸವಾನಾ, ಜಾರ್ಜಿಯಾ, ಅಮೆರಿಕ
ಭಾನುವಾರ ರಾತ್ರಿ

ಅಪ್ಪಾಜಿ, ಅವ್ವ, ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಆರಾಮ. ಬೆಳಿಗ್ಗೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಪುಟ್ಟಿ ಕಿತ್ತುಕೊಂಡು ಓಡಿದಳು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಟೈಬೀ ದ್ವೀಪದ ಹತ್ತಿರ ಕಯಾಕಿಂಗ್ ಹೋಗಿದ್ದೆವು. ಕಯಾಕ್ ಅಂದರೆ ಉದ್ದಕ್ಕೆ ಸಪೂರ ಇರುವ ಪ್ಲಾಸ್ಟಿಕ್ ದೋಣಿ, ಒಂದರಲ್ಲಿ ಇಬ್ಬರು. ಒಬ್ಬೊಬ್ಬರಿಗೆ ಹುಟ್ಟು ಒಂದೇ, ಆದರೆ ಎರಡೂ ತುದಿ ಅಗಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ನಮ್ಮ ಕಡೆಯ ಹರಿಗೋಲಿನ ಹಾಗೆ ಗಿರಗಿರ ತಿರುಗುವುದಿಲ್ಲ ಅಂತಾರೆ, ನಾನೂ ಪುಟ್ಟಿಯೂ ಮೊದಲ ಅರ್ಧ ಗಂಟೆ ತಿರುಗಿಸಿ ತೋರಿಸಿದೆವು. ಅವ್ವ, ಗಾಬರಿ ಆಗಬೇಡ, ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದೆವು, ಜೊತೆಗೆ ಗೈಡ್ ಹುಡುಗಿ ಇದ್ದಳು.

ಅಪ್ಪಾಜಿ, ನಿಮಗೆ ಹೇಳಬೇಕಿರುವುದು ಆ ಜಾಗದ ಬಗ್ಗೆ. ಭದ್ರಾ ನಾಲೆ ಪಕ್ಕದ ನಮ್ಮ ಒಂದೂವರೆ ಎಕರೆ ಉಪ್ಪೇರಿ, ನೀರು ನಿಂತು ಸವಳು-ಜವಳಾಯಿತು ಅಂತ ಎಷ್ಟು ವರ್ಷದಿಂದ ಒದ್ದಾಡುತ್ತಿದ್ದೀರಿ, ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆಸಿ ಸಾಕಾದಿರಿ, ಅಲ್ವಾ? ಇಲ್ಲಿ ಕಣ್ಣು ಹಾಯುವಷ್ಟು ದೂರ ಬರೀ ಅದೇ. ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ವಾಪಸ್ ಹೋಗುತ್ತದೆ. ಆರು ಗಂಟೆ ಏರಿಕೆ, ಆರು ಗಂಟೆ ಇಳಿಕೆ, ಹತ್ತಿರ ಹತ್ತಿರ ಏಳು ಅಡಿ. ಅಂಥ ಉಪ್ಪಿನಲ್ಲೂ ಸ್ಪಾರ್ಟಿನಾ ಅಂತ ಒಂದು ಹುಲ್ಲು, ನಿಮ್ಮ ಭತ್ತ ಹೊಡೆ ಬಿಚ್ಚುವ ಮುಂಚೆ ಇರುತ್ತಲ್ಲ, ಹಾಗೇ ದಟ್ಟವಾಗಿ ನಿಂತಿದೆ. ಗೈಡ್ ಒಂದು ಗರಿ ಮುರಿದು ಕೊಟ್ಟು ನೆಕ್ಕಿ ನೋಡಿ ಅಂದಳು. ನೆಕ್ಕಿದೆ. ಉಪ್ಪು! ಬೇರಿನಿಂದ ಒಳಗೆ ಬಂದ ಉಪ್ಪನ್ನು ಗರಿಯ ಮೇಲೆ ಹೊರಗೆ ಹಾಕುತ್ತದಂತೆ. ಬಿಸಿಲಿಗೆ ಹಿಡಿದರೆ ಸಣ್ಣ ಹರಳು ಮಿನುಗುತ್ತವೆ.

ಇದಕ್ಕೆ ಮಣ್ಣು ಹೊಡೆದು ಸೈಟ್ ಮಾಡುವ ಹಾಗಿಲ್ಲ. 1970ರಲ್ಲೇ ಈ ರಾಜ್ಯದವರು ಕಾನೂನು ತಂದಿದ್ದಾರೆ, ಪರ್ಮಿಟ್ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ನಮ್ಮ ಕಡೆಯ ಕೆರೆಗಳು ನೆನಪಾದವು, ಬಿಡಿ.

ಕೆಸರಿನ ತುಂಬ ಪುಟ್ಟ ಏಡಿಗಳು. ಗಂಡಿಗೆ ಒಂದು ಕತ್ತರಿ ಕಾಲು ಮಾತ್ರ ಸಿಕ್ಕಾಪಟ್ಟೆ ದೊಡ್ಡದು, ಅದನ್ನು ಎತ್ತಿ ಎತ್ತಿ ಆಡಿಸಿ ಹೆಣ್ಣನ್ನು ಕರೆಯುತ್ತದೆ. ನಿಮ್ಮ ಮೊಮ್ಮಗ ಅದಕ್ಕೆ ಟ್ರಾಫಿಕ್ ಪೊಲೀಸ್ ಅಂತ ಹೆಸರಿಟ್ಟ. ಹುಲ್ಲಿನ ದಂಟಿನ ಮೇಲೆ ಗೋಲಿಯಷ್ಟು ಬಸವನಹುಳುಗಳು, ನೀರು ಏರಿದ ಹಾಗೆ ಮೇಲೆ ಹತ್ತುತ್ತವೆ. ಬೆಳ್ಳಕ್ಕಿ ಇಲ್ಲೂ ಇದೆ, ಥೇಟ್ ನಮ್ಮ ಗದ್ದೆಯದರ ಹಾಗೇ ಒಂಟಿ ಕಾಲಲ್ಲಿ.

ಇನ್ನು ನಿಮ್ಮ ಅಳಿಯಂದಿರ ಕಥೆ. ಫೋಟೊ ಹುಚ್ಚಿಗೆ ಒಂದು ಸಣ್ಣ ಕಾಲುವೆಗೆ ನುಗ್ಗಿದರು, ಅಷ್ಟೊತ್ತಿಗೆ ಇಳಿಕೆ ಶುರುವಾಗಿತ್ತು, ನೋಡನೋಡುತ್ತ ದೋಣಿ ಕೆಸರಿನ ಮೇಲೆ ಕೂತಿತು. ಇಳಿಯಬೇಡಿ ಅಂತ ಗೈಡ್ ಕೂಗುವುದರೊಳಗೆ ಇವರು ಇಳಿದಾಗಿತ್ತು. ಮೊಣಕಾಲವರೆಗೆ ಹೂತರು. ಕೊಳೆತ ಮೊಟ್ಟೆ ವಾಸನೆ ಗುಪ್ಪೆಂದು ಬಂತು, ಗಾಳಿಯಾಡದ ಕೆಸರು ಹಾಗೇ ಅಂತೆ. ಕೊನೆಗೆ ಗೈಡ್ ಹಗ್ಗ ಎಸೆದು ಎಳೆದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಅಲ್ಲಿನ ಸಿಂಪಿ ಚಿಪ್ಪು ಬ್ಲೇಡ್ ಇದ್ದ ಹಾಗೆ, ಹಿಮ್ಮಡಿ ಗೀರಿಬಿಟ್ಟಿದೆ. ಅರಿಶಿನ ಹಚ್ಚಿದ್ದೇನೆ, ಜಾಸ್ತಿ ಏನಿಲ್ಲ. ಅವರನ್ನು ಮಾತ್ರ ಕೇಳಬೇಡಿ, ಸುಮ್ನೆ ಮುಖ ಊದಿಸಿಕೊಳ್ಳುತ್ತಾರೆ.

ದಡಕ್ಕೆ ಬಂದು, ಅವ್ವ, ನೀನು ಕಳಿಸಿದ ಮಂಡಕ್ಕಿಗೆ ಖಾರ ಕಲೆಸಿ ನಾಲ್ಕೂ ಜನ ಪೊಟ್ಟಣ ಖಾಲಿ ಮಾಡಿದೆವು. ದಾವಣಗೆರೆಯಿಂದ ಬರುವವರು ಸಿಕ್ಕರೆ ಇನ್ನೊಂದು ಕಳಿಸು.

ನಾಲೆಗೆ ನೀರು ಬಿಟ್ಟರಾ? ನಮ್ಮ ಕೊನೇ ಭಾಗಕ್ಕೆ ಬಂತಾ? ಮತ್ತೆ ಅಪ್ಪಾಜಿ, ಆ ಹುಲ್ಲಿನ ಬೀಜ ಕಳಿಸು ಅಂತ ಮಾತ್ರ ಹೇಳಬೇಡಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ.

ನಿಮ್ಮ ಮಗಳು