ಸೋಮವಾರದ ಪ್ಲೇಟ್: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ 9:30ಕ್ಕೆ ಕರ್ಕ್ಯುಮಿನ್ (ಅರಿಶಿನದ ಸಂಯುಕ್ತ) ಮತ್ತು ಕ್ವೆರ್ಸೆಟಿನ್ (ಈರುಳ್ಳಿಯಂಥವುಗಳಲ್ಲಿರುವ ಸಂಯುಕ್ತ) ಅನ್ನು ಸಾಮಾನ್ಯ ಶೀತ ತರುವ 229ಇ ಕೊರೊನಾ ವೈರಸ್ ಮೇಲೆ ಪರೀಕ್ಷಿಸುತ್ತೇವೆ. ಪ್ಲೇಟ್ (ಕೋಶ ಬೆಳೆಸುವ ಗುಳಿಗಳ ತಟ್ಟೆ) ಸರದಿಯವರು ಭಾನುವಾರ ಸಂಜೆಯೇ ಹುಹ್-7 (ಮಾನವ ಯಕೃತ್ತಿನ) ಕೋಶ ಹಾಕಿಡಿ.

ಡಿಎಂಎಸ್‌ಒ (ಸಂಯುಕ್ತ ಕರಗಿಸುವ ದ್ರವ) ಎಲ್ಲ ಬಾವಿಗಳಲ್ಲೂ (ಪ್ಲೇಟಿನ ಗುಳಿಗಳಲ್ಲೂ) ಒಂದೇ ಪ್ರಮಾಣ, 0.5% ಮೀರಬಾರದು. ಹೋಲಿಕೆಗೆ ವೈರಸ್ ತಡೆಯುವ ಔಷಧ ರೆಮ್ಡೆಸಿವಿರ್. ವೈರಸ್ ಇಲ್ಲದ ಪ್ಲೇಟ್ ಒಂದು ಕಡ್ಡಾಯ: ಕೋಶ ಸತ್ತರೂ ವೈರಸ್ ಇಳಿಯುತ್ತದೆ, ಅದು ಔಷಧದ ಗುಣವಲ್ಲ.

ಎಂಟಿಟಿ (ಬದುಕಿದ ಕೋಶದಲ್ಲಿ ನೇರಳೆಯಾಗುವ ಹಳದಿ ಬಣ್ಣದ ಪರೀಕ್ಷೆ) ಒಂದನ್ನೇ ನಂಬಬೇಡಿ. ಈ ಎರಡೂ ಸಂಯುಕ್ತಗಳು ಕೋಶವಿಲ್ಲದೆಯೂ ಆ ಬಣ್ಣವನ್ನು ನೇರಳೆ ಮಾಡಬಲ್ಲವು. ಆಗ ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಆದ್ದರಿಂದ ಕೋಶವಿಲ್ಲದ ಬಾವಿಗಳಿರಲಿ, ವೈರಸ್ಸನ್ನು ಆರ್‌ಟಿ-ಪಿಸಿಆರ್‌ನಲ್ಲೇ ಅಳೆಯೋಣ. ಕರ್ಕ್ಯುಮಿನ್ ಸೀರಮ್ (ರಕ್ತದ ತಿಳಿ ದ್ರವ) ಇಲ್ಲದ ಕೋಶ ಬೆಳೆಸುವ ದ್ರವದಲ್ಲಿ ಅರ್ಧ ಗಂಟೆಯೊಳಗೇ ಬಹುಪಾಲು ಒಡೆಯುತ್ತದೆ, ಬೆಳಕಿಗೂ ಹಾಳು. ಕೊನೆ ಗಳಿಗೆಯಲ್ಲೇ ಬೆರೆಸಿ, ಫಾಯಿಲ್ ಸುತ್ತಿ.

ಯಾರು ಬರುತ್ತೀರಿ, ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಟ್ರಾಫಿಕ್ ನೋಡಿಕೊಂಡು ಬೇಗ ಹೊರಡಿ.