ಕ್ಷಮಾದಾನಕ್ಕೆ ವಿರೋಧ: 1986ನ್ನು ಮರೆತು ಮಾತನಾಡಬಾರದು

ಮಾನ್ಯ ಸಂಪಾದಕರೇ,

ದಾಖಲೆಗಳಿಲ್ಲದೆ ನೆಲೆಸಿರುವ ವಲಸಿಗರಿಗೆ ಕ್ಷಮಾದಾನ ನೀಡುವುದನ್ನು ಅಮೆರಿಕದ ಜನ ಏಕೆ ವಿರೋಧಿಸುತ್ತಾರೆ ಎಂಬ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಜನಾಂಗ ದ್ವೇಷವೊಂದೇ ಕಾರಣವೆಂದು ಲೇಖಕರು ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದ್ದಾರೆ. ದ್ವೇಷವಿಲ್ಲವೆಂದು ನಾನು ಹೇಳುವುದಿಲ್ಲ; ಅಲ್ಲಿನ ಚುನಾವಣಾ ಭಾಷಣಗಳನ್ನು ಕೇಳಿದ ಯಾರಿಗೂ ಅದು ಕಾಣದೆ ಇರದು. ಆದರೆ ಅಷ್ಟುದ್ದದ ಲೇಖನದಲ್ಲಿ 1986ರ ಪ್ರಸ್ತಾಪವೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು.

ಆ ವರ್ಷದ ನವೆಂಬರ್ 6ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ವಲಸೆ ಕಾಯ್ದೆ ಒಂದು ಕೊಡುಕೊಳ್ಳುವ ಒಪ್ಪಂದವಾಗಿತ್ತು. 1982ರ ಜನವರಿ 1ಕ್ಕೆ ಮೊದಲೇ ಬಂದು ನೆಲೆಸಿದವರಿಗೆ ಕಾನೂನಿನ ಮಾನ್ಯತೆ. ಅದಕ್ಕೆ ಪ್ರತಿಯಾಗಿ, ಇನ್ನು ಮುಂದೆ ಪರವಾನಗಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕರಿಗೆ ದಂಡ. ಮೊದಲರ್ಧ ಸಲೀಸಾಗಿ ನಡೆಯಿತು. ಸುಮಾರು 27 ಲಕ್ಷ ಜನ ಸಕ್ರಮರಾದರು. ಕೃಷಿ ಕಾರ್ಮಿಕರಿಗೆಂದೇ ಮಾಡಿದ್ದ ವಿಭಾಗದಲ್ಲಿ 90 ದಿನ ಹೊಲದಲ್ಲಿ ದುಡಿದಿದ್ದಕ್ಕೆ ಒಂದು ಪತ್ರ ತಂದರೆ ಹೆಚ್ಚುಕಡಿಮೆ ಕೆಲಸ ಆಗುತ್ತಿತ್ತು. ಏಣಿ ಹತ್ತಿ ಸ್ಟ್ರಾಬೆರಿ ಕೊಯ್ದಿದ್ದೇನೆ ಎಂದು ಹೇಳಿಕೆ ಕೊಟ್ಟವರೂ ಇದ್ದರೆಂದು ಆಗ ಸುದ್ದಿಯಾಗಿತ್ತು. ಸ್ಟ್ರಾಬೆರಿ ಗಿಡ ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ.

ಎರಡನೆಯ ಅರ್ಧದ ಗತಿ ಏನಾಯಿತೆಂಬುದನ್ನು ತಿಳಿಯಲು ಐ-9 ಎಂಬ ನಮೂನೆಯನ್ನು ನೋಡಿದರೆ ಸಾಕು. ಕೆಲಸಕ್ಕೆ ಸೇರುವವನು ಗುರುತಿನ ಚೀಟಿಯನ್ನೂ ದುಡಿಯುವ ಹಕ್ಕಿನ ದಾಖಲೆಯನ್ನೂ ಮೇಜಿನ ಮೇಲೆ ಇಡುತ್ತಾನೆ. ಅವು ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಮಾಲೀಕ ಸಹಿ ಮಾಡಬಹುದು. ಅನುಮಾನ ಬಂದು ಇನ್ನೊಂದು ದಾಖಲೆ ಕೇಳಿದರೆ ತಾರತಮ್ಯದ ದೂರು ಮೈಮೇಲೆ ಬರುವ ಭಯ ಬೇರೆ. ಹಾಗಾಗಿ ನಕಲಿ ಕಾರ್ಡು ಅಚ್ಚು ಹಾಕುವವನಿಗೆ ಕೈತುಂಬ ಕೆಲಸ, ಮಾಲೀಕನಿಗೆ ನಿಶ್ಚಿಂತೆ. 1990ರ ಹೊತ್ತಿಗೆ ಸುಮಾರು 35 ಲಕ್ಷವಿದ್ದ ಅನಧಿಕೃತ ವಲಸಿಗರ ಸಂಖ್ಯೆ 2007ಕ್ಕೆ 1.2 ಕೋಟಿ ದಾಟಿತು. ಇದೊಂದೇ ಬಾರಿ ಎಂದು ನಂಬಿಸಿ ಪಡೆದ ಒಪ್ಪಿಗೆ ಅದು. 1986ರಲ್ಲಿ ಆ ಮಸೂದೆಯ ಪರ ಮತ ಹಾಕಿದ್ದ ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ, ಅದು ತಪ್ಪಾಗಿತ್ತು ಎಂದು ಆಮೇಲೆ ಪದೇ ಪದೇ ಹೇಳಿದ್ದಾರೆ.

ಮುಂದೆ ನಡೆದದ್ದೆಲ್ಲ ಈ ಗಾಯದ ಮೇಲೆಯೇ. 2007ರಲ್ಲಿ ಮತ್ತೆ ವಲಸಿಗರನ್ನು ಸಕ್ರಮಗೊಳಿಸುವ ಮಸೂದೆಗೆ ಬೆಂಬಲವಾಗಿ ನಿಂತ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ ಕೆನಡಿ ಅವರೇ ಹೆಗಲು ಕೊಟ್ಟಿದ್ದರು. ಆದರೂ ಜೂನ್ 28ರಂದು ಮೇಲ್ಮನೆಯಾದ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು ಬೇಕಿದ್ದ 60 ಮತಗಳಲ್ಲಿ ಸಿಕ್ಕಿದ್ದು 46. ಮತದಾರರ ಕರೆಗಳ ಹೊಡೆತಕ್ಕೆ ಅಂದು ಸೆನೆಟ್ಟಿನ ದೂರವಾಣಿ ವ್ಯವಸ್ಥೆಯೇ ಕೈಕೊಟ್ಟಿತ್ತು. ಅದೇ ಉದ್ದೇಶದ 2013ರ ಮಸೂದೆಯಲ್ಲಿ ದಂಡವಿತ್ತು, ಬಾಕಿ ತೆರಿಗೆಯಿತ್ತು, ಪೌರತ್ವಕ್ಕೆ 13 ವರ್ಷಗಳ ದಾರಿಯಿತ್ತು, ಗಡಿಗೆ ಸುಮಾರು 20 ಸಾವಿರ ಹೆಚ್ಚುವರಿ ಸಿಬ್ಬಂದಿಯ ಭರವಸೆಯೂ ಇತ್ತು. ಸೆನೆಟ್ 68–32ರಿಂದ ಒಪ್ಪಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಆ ಮಸೂದೆಯಲ್ಲಿಯೂ ತಾತ್ಕಾಲಿಕ ಪರವಾನಗಿ ಮೊದಲು, ಗಡಿ ಭದ್ರತೆ ಆಮೇಲೆ ಎಂಬ ಕ್ರಮವೇ ಇತ್ತು. ಮರುವರ್ಷ ಕೆಳಮನೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್, ಕ್ಷಮಾದಾನದ ಪರವಾಗಿದ್ದಾರೆ ಎಂಬ ಆರೋಪ ಹೊತ್ತು, ಅಭ್ಯರ್ಥಿಯನ್ನು ಆರಿಸುವ ಸ್ವಂತ ಪಕ್ಷದ ಒಳ ಚುನಾವಣೆಯಲ್ಲೇ ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಎದುರು ಸೋತರು. ಷರತ್ತು ಪೂರೈಸಿದವರಿಗೆ ಪೌರತ್ವದ ದಾರಿ ಇರಲಿ ಎನ್ನುವವರೇ ಸಮೀಕ್ಷೆಗಳಲ್ಲಿ ಹೆಚ್ಚು. ಆದರೆ ಒಳ ಚುನಾವಣೆಯ ದಿನ ಮತಗಟ್ಟೆಗೆ ತಪ್ಪದೆ ಬರುವವರು ವಿರೋಧಿಗಳು.

ದ್ವೇಷದ ಸಿದ್ಧಾಂತಕ್ಕೆ ಒಗ್ಗದ ಇನ್ನೊಂದು ಹೆಸರನ್ನೂ ಲೇಖಕರು ನೆನೆಯಬಹುದಿತ್ತು. ಟೆಕ್ಸಾಸಿನ ಕಪ್ಪು ನಾಯಕಿ ಬಾರ್ಬರಾ ಜೋರ್ಡಾನ್, 1990ರ ದಶಕದಲ್ಲಿ ವಲಸೆ ಸುಧಾರಣಾ ಆಯೋಗದ ಅಧ್ಯಕ್ಷೆಯಾಗಿದ್ದಾಗ, ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಅರ್ಹತೆಯನ್ನು ಗಣಕೀಕೃತ ದಾಖಲೆಯಲ್ಲಿ ತಾಳೆ ನೋಡುವ ವ್ಯವಸ್ಥೆ ಬೇಕೆಂದು ಪಟ್ಟು ಹಿಡಿದಿದ್ದರು.

ಬೆಂಗಳೂರಿನವರಿಗೆ ಈ ಕೋಪ ಹೊಸದಲ್ಲ. ಅಕ್ರಮ-ಸಕ್ರಮ ಯೋಜನೆಯ ಮಾತು ಬಂದಾಗಲೆಲ್ಲ, ನಿಯಮದಂತೆ ಸೆಟ್‌ಬ್ಯಾಕ್ ಬಿಟ್ಟು ಮನೆ ಕಟ್ಟಿದವನು ಹಲ್ಲು ಕಚ್ಚುತ್ತಾನೆ. ಮನುಷ್ಯರು ಕಟ್ಟಡಗಳಲ್ಲ, ನಿಜ. ಆದರೂ ಸಾಲಿನಲ್ಲಿ ನಿಂತವನ ಸಂಕಟವನ್ನು ಕೇಳುವವರೇ ಇಲ್ಲವೆಂಬ ಭಾವನೆ ಎರಡೂ ಕಡೆ ಒಂದೇ.

ಆ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಕಾಯಂ ವಾಸದ ಹಕ್ಕು ಕೊಡುವ ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರತಿ ದಶಕಗಳಷ್ಟು ಉದ್ದವಾಗಿದೆ. ನನ್ನ ತಂಗಿಯ ಮಗ ನ್ಯೂಜೆರ್ಸಿಯಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲಿದ್ದಾನೆ. ಕೈಗೂಸಾಗಿದ್ದಾಗ ಹೋದ ಅವನ ಮಗಳಿಗೆ ಮುಂದಿನ ವರ್ಷ 21 ತುಂಬುತ್ತದೆ; ಆಗ ತಂದೆಯ ವೀಸಾದ ಆಸರೆ ತಪ್ಪಿ ಅವಳು ವಿದ್ಯಾರ್ಥಿ ವೀಸಾಕ್ಕೆ ಅಲೆಯಬೇಕು. 2012ರಲ್ಲಿ ಒಬಾಮ ಸರ್ಕಾರ ಚಿಕ್ಕಂದಿನಲ್ಲಿ ಬಂದ ಮಕ್ಕಳಿಗೆ ಗಡೀಪಾರಿನಿಂದ ರಕ್ಷಣೆಯನ್ನೂ ಕೆಲಸದ ಪರವಾನಗಿಯನ್ನೂ ನೀಡಿತು. ಆದರೆ ಆ ವರ್ಷದ ಜೂನ್ 15ರಂದು ಕ್ರಮಬದ್ಧ ವೀಸಾ ಹೊಂದಿದ್ದ ಮಕ್ಕಳು ಅದಕ್ಕೆ ಅರ್ಹರಲ್ಲ. ಅಪ್ಪ ಕಾನೂನು ಪಾಲಿಸಿದ್ದೇ ಮಗಳಿಗೆ ಮುಳುವಾಯಿತು. ಇದನ್ನು ಹೇಳಿದರೆ ಅವನನ್ನೂ ಜನಾಂಗ ದ್ವೇಷಿ ಎನ್ನಲಾದೀತೇ? ಅಂದ ಮಾತ್ರಕ್ಕೆ ಭಾರತೀಯರೆಲ್ಲ ಸಾಲಿನಲ್ಲೇ ನಿಂತವರೇನಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಮಂದಿಯನ್ನು ಅಮೃತಸರಕ್ಕೆ ತಂದಿಳಿಸಿದ್ದನ್ನು ನೋಡಿದ್ದೇವೆ.

ವಿರೋಧಿಗಳ ಲೆಕ್ಕವೂ ಪೂರ್ತಿ ಸರಿಯಿಲ್ಲ. 2011ರಲ್ಲಿ ಜಾರ್ಜಿಯಾ ರಾಜ್ಯ ಅನಧಿಕೃತ ವಲಸಿಗರ ವಿರುದ್ಧ ಕಠಿಣ ಕಾನೂನು ತಂದಾಗ ಕೊಯ್ಲಿನ ಹೊತ್ತಿಗೆ ಕೂಲಿಗಳೇ ಮಾಯವಾದರು. ಜೈಲಿನ ಬದಲು ಪ್ರೊಬೇಷನ್ ಎಂಬ ನಿಗಾದಲ್ಲಿ ಹೊರಗಿದ್ದ ಅಪರಾಧಿಗಳನ್ನು ಹೊಲಕ್ಕೆ ಕಳುಹಿಸಿ ಎಂದು ಗವರ್ನರ್ ನೇಥನ್ ಡೀಲ್ ಸಲಹೆ ಕೊಟ್ಟರು. ಬಂದವರಲ್ಲಿ ಹಲವರು ಬಿಸಿಲು ತಾಳದೆ ಮಧ್ಯಾಹ್ನಕ್ಕೇ ಕೆಲಸ ಬಿಟ್ಟು ಹೋದರು. ಅಮೆರಿಕದ ಹೊಲಗಳಲ್ಲಿ ದುಡಿಯುವವರಲ್ಲಿ ಶೇ 40ರಷ್ಟು ಮಂದಿಗೆ ದಾಖಲೆಗಳಿಲ್ಲ. ವಲಸಿಗನ ಮೇಲೆ ಹರಿಹಾಯುವವರು ಅವನನ್ನು ಕರೆದು ಕೂಲಿ ಕೊಡುವ ತೋಟದ ಮಾಲೀಕನ ಹೆಸರೆತ್ತುವುದು ಅಪರೂಪ.

ಕೆಲಸಗಾರರ ಅರ್ಹತೆಯನ್ನು ತಕ್ಷಣ ತಾಳೆ ನೋಡುವ ಇ-ವೆರಿಫೈ ಎಂಬ ವ್ಯವಸ್ಥೆ ವರ್ಷಗಳಿಂದ ಅಲ್ಲಿದೆ. ಅರಿಜೋನಾದಂಥ ಕೆಲವು ರಾಜ್ಯಗಳು ಅದನ್ನು ಕಡ್ಡಾಯ ಮಾಡಿವೆ, ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಒಪ್ಪಿದೆ. ದೇಶಕ್ಕೆಲ್ಲ ಅದನ್ನೇ ಮೊದಲು ಜಾರಿಗೆ ತಂದು, ಕೆಲವು ವರ್ಷ ನಡೆಸಿ ತೋರಿಸಿ, ಬೇರುಬಿಟ್ಟವರನ್ನು ಆಮೇಲೆ ಸಕ್ರಮಗೊಳಿಸಲು ಹೊರಟರೆ ಫೋನ್ ಮಾಡಿ ಕೂಗಾಡುವವರಲ್ಲಿ ಅರ್ಧ ಜನರಾದರೂ ಸುಮ್ಮನಾದಾರು. ಅದಕ್ಕೆ ಅಡ್ಡಗಾಲು ಹಾಕುತ್ತಿರುವವರಲ್ಲಿ ಕೂಲಿಗಾಗಿ ಪರದಾಡುವ ದೊಡ್ಡ ತೋಟಗಳ ಒಡೆಯರೂ ಇದ್ದಾರೆ. ತಮ್ಮ ಲೇಖಕರು ಮುಂದಿನ ಲೇಖನದಲ್ಲಿ ಅವರ ಬಗ್ಗೆ ಬರೆಯಲಿ ಎಂದು ಕೋರುತ್ತೇನೆ.

– ನಿವೃತ್ತ ಉಪನ್ಯಾಸಕ, ಮೈಸೂರು