ಶನಿವಾರ ಬರುವ ನಮ್ಮ ಸರ್‌ಗೆ

ಹೆಸರು ಹಾಕಬೇಡ ಅಂದಿದ್ದೀರಿ ಸರ್, ಹಾಕುವುದಿಲ್ಲ. ಆದರೆ ಸುಮ್ನೆ ಇರುವುದಕ್ಕೂ ಆಗುತ್ತಿಲ್ಲ.

ವಾರವಿಡೀ ಪೀಣ್ಯದ ಕಾರ್ಖಾನೆಯಲ್ಲಿ ದುಡಿದು, ಶನಿವಾರ ಮಧ್ಯಾಹ್ನ ಬಸ್ ಹತ್ತಿ ತುಮಕೂರಿನ ನಮ್ಮ ಶಾಲೆಗೆ ಬರುತ್ತಿದ್ದಿರಿ. ಒಂದು ರೂಪಾಯಿ ತೆಗೆದುಕೊಂಡಿಲ್ಲ. ಶಾಲೆಯಲ್ಲಿ ಮಕ್ಕಳು ತಾವೇ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇತ್ತು, ಪ್ರೋಗ್ರಾಮ್ ಹಾಕಿ ನಡೆಸುವ ಪುಟ್ಟ ಆರ್ಡುಯಿನೊ ಬೋರ್ಡುಗಳೂ ಇದ್ದವು. ಮುಟ್ಟುವ ಧೈರ್ಯ ಮಾತ್ರ ನಮಗಿರಲಿಲ್ಲ. "ಸುಟ್ಟರೆ ಸುಡಲಿ, ಯಾಕೆ ಸುಟ್ಟಿತು ಅಂತ ನೋಡೋಣ" ಎಂದು ಮೊದಲ ದಿನವೇ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕೈಗೆ ಕೊಟ್ಟಿರಿ.

ಆ ರೋಬೋ ಸ್ಪರ್ಧೆಯ ದಿನ ಮರೆಯುವುದಿಲ್ಲ. ಲ್ಯಾಬಿನಲ್ಲಿ ಕಪ್ಪು ಗೆರೆ ಹಿಡಿದು ಚೆನ್ನಾಗಿ ಓಡಿದ್ದ ರೋಬೋ, ಅಲ್ಲಿ ಕಿಟಕಿ ಹತ್ತಿರ ಬಂದ ಕೂಡಲೇ ದಾರಿ ತಪ್ಪುತ್ತಿತ್ತು. ನಾನು ಅತ್ತೇಬಿಟ್ಟೆ. ನೀವು ರೋಬೋ ಮುಟ್ಟಲಿಲ್ಲ. "ಗೆರೆ ಅದಕ್ಕೆ ಹೇಗೆ ಕಾಣುತ್ತೆ?" ಎಂದಷ್ಟೇ ಕೇಳಿದಿರಿ. ಆಗ ಹೊಳೆಯಿತು. ರೋಬೋದ ಸೆನ್ಸರ್ ಬಿಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಳಿ ನೆಲದಿಂದ ವಾಪಸ್ ಬರುತ್ತದೆ, ಕಪ್ಪು ಗೆರೆ ಅದನ್ನು ಹೀರಿಕೊಳ್ಳುತ್ತದೆ. ಬಿಸಿಲಿನಲ್ಲೂ ಅದೇ ಬೆಳಕು ಇದೆ ಅಲ್ವಾ! ಕಪ್ಪು ಡ್ರಾಯಿಂಗ್ ಶೀಟ್ ಕತ್ತರಿಸಿ ಸೆನ್ಸರ್ ಸುತ್ತ ಮರೆ ಕಟ್ಟಿದೆವು. ಕಪ್ಪು, ಬಿಳಿಯ ಅಳತೆಗಳನ್ನು ಅಲ್ಲೇ ಮತ್ತೆ ತೆಗೆದು ಪ್ರೋಗ್ರಾಮಿನಲ್ಲಿ ಅಂಕಿ ಬದಲಿಸಿದೆವು. ರೋಬೋ ಓಡಿತು.

ಬಹುಮಾನ ಬರಲಿಲ್ಲ. ವಾಪಸ್ ಬರುವಾಗ ನಮಗೆಲ್ಲ ತಟ್ಟೆ ಇಡ್ಲಿ ಕೊಡಿಸಿ, "ಮುಂದಿನ ಶನಿವಾರಕ್ಕೆ ಬ್ಯಾಟರಿ ಚಾರ್ಜ್ ಮಾಡಿಟ್ಟಿರಿ" ಅಂದಿರಿ.

ಈಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಇಷ್ಟು ಓದಿದ ಮೊದಲ ಹುಡುಗಿ ನಾನು. ತುಂಬಾ ಥ್ಯಾಂಕ್ಸ್ ಸರ್. ಹೊಸ ಮಕ್ಕಳಿಗೆ ಸೋಲ್ಡರಿಂಗ್ ಹೇಳಿಕೊಡಲು ಈ ಶನಿವಾರದಿಂದ ನಾನೂ ಬರುತ್ತೇನೆ.